ಜಾಥಾ ಮುಗಿದ ಮೇಲೆ ಯಾವ ಕಿಟಕಿಗೆ ಹೋಗಬೇಕು?

ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಬಂತೆಂದರೆ ಹಾಸನ, ಸಕಲೇಶಪುರ, ಬೇಲೂರು, ಅರಸೀಕೆರೆ ಎಲ್ಲ ಕಡೆ ಜಾಥಾ. ಕಾಲೇಜು ಮಕ್ಕಳ ಸಾಲು, ಮುಂದೆ ಪೊಲೀಸ್ ಜೀಪು, ಕೈಯಲ್ಲಿ ಬ್ಯಾನರು. ಬ್ಯಾನರಿನ ಮೇಲೆ ತಲೆಬುರುಡೆ, ಸೂಜಿ, ಅದರ ಮೇಲೊಂದು ಅಡ್ಡಗೀಟು. ಕೊನೆಗೆ ಪ್ರತಿಜ್ಞೆ, ಎರಡು ಭಾಷಣ, ಮಜ್ಜಿಗೆ. ಇದನ್ನು ನೋಡಿದಾಗಲೆಲ್ಲ ಒಂದೇ ವಿಷಯ ಕಾಡುತ್ತದೆ. ನೋವಿನ ಮಾತ್ರೆಯ ಚಟಕ್ಕೆ ಬಿದ್ದ ಮಗನನ್ನು ಮನೆಯಲ್ಲಿ ಬಿಟ್ಟು ಸಂತೆಗೆ ಬಂದ ತಾಯಿಯೊಬ್ಬಳು ರಸ್ತೆ ಬದಿಯಲ್ಲಿ ನಿಂತು ಆ ಬ್ಯಾನರು ಓದಿದರೆ ಅವಳಿಗೆ ಏನು ಸಿಗುತ್ತದೆ? ಯಾವ ಆಸ್ಪತ್ರೆ, ಎಷ್ಟನೇ ಕೊಠಡಿ, ಯಾವ ವಾರ, ಎಷ್ಟು ಗಂಟೆಗೆ, ಯಾವ ಔಷಧಿ, ದುಡ್ಡು ಕೊಡಬೇಕೋ ಬೇಡವೋ, ಪೊಲೀಸರಿಗೆ ಸುದ್ದಿ ಹೋಗುತ್ತದೋ ಇಲ್ಲವೋ. ಇವುಗಳಲ್ಲಿ ಒಂದಕ್ಕೂ ಅಲ್ಲಿ ಉತ್ತರವಿಲ್ಲ. ಬೇಡ ಎನ್ನುವುದನ್ನು ಅವಳ ಮಗನಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಬಿಡಲು ಹೋಗಿ ಆಗದೆ ಸೋತವನು ಅವನು.

ಈ ಬರಹದಲ್ಲಿ ಹೇಳಬೇಕಾದ ಮಾತು ಒಂದೇ. ಕೆಲವು ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಹೆರಾಯಿನ್ ಇವೆಲ್ಲ ಸೇರುವ ಅಫೀಮಿನ ಕುಟುಂಬದ ಚಟಕ್ಕೆ ನಮ್ಮ ಜಿಲ್ಲೆಗಳಲ್ಲಿ ಬೇಕಾಗಿರುವುದು ಒಂದು ತಿಂಗಳ ಮಂಚವಲ್ಲ, ಒಂದು ವರ್ಷದ ಔಷಧಿ. ಅದೂ ಕೆಲಸಕ್ಕೆ ಹೋಗುವ ದಾರಿಯಲ್ಲಿ, ತಾಲ್ಲೂಕು ಆಸ್ಪತ್ರೆಯ ಒಂದು ಕಿಟಕಿಯಲ್ಲಿ. ಬ್ಯುಪ್ರೆನಾರ್ಫಿನ್ ಎಂಬ ಆ ಔಷಧಿ ದೇಶದಲ್ಲಿ ತಯಾರಾಗುತ್ತಿದೆ, ಕಾನೂನು ಅಡ್ಡ ಬರುತ್ತಿಲ್ಲ, ವೈದ್ಯರೂ ಇದ್ದಾರೆ. ಕಿಟಕಿಯೊಂದೇ ತೆರೆಯಬೇಕಾಗಿದೆ.

ಇಲ್ಲಿ ಓಡುತ್ತಿರುವುದು

ಹಾಸನ, ಚಿಕ್ಕಮಗಳೂರು ಕಡೆ ಮನೆ ಹಾಳು ಮಾಡುವುದರಲ್ಲಿ ಮೊದಲ ಸ್ಥಾನ ಮದ್ಯದ್ದೇ. ಅದರಲ್ಲಿ ಅನುಮಾನ ಬೇಡ. ಆದರೆ ಮದ್ಯಕ್ಕಾಗಿ ಕಟ್ಟಿಕೊಂಡ ವ್ಯವಸ್ಥೆಯೊಳಗೇ ಮಾತ್ರೆಯವರನ್ನೂ ತಳ್ಳುತ್ತಿರುವುದರಿಂದ ಅನಾಹುತ ಆಗುತ್ತಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯನ್ನು ನಡೆಸಿದ್ದು ದೆಹಲಿಯ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ. ಅದರ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ ಶೇ. 2.06 ಮಂದಿ ಅಫೀಮು ಕುಟುಂಬದ ಯಾವುದಾದರೊಂದು ವಸ್ತು ಬಳಸುತ್ತಿದ್ದರು. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ನೆರವು ಬೇಕಾಗುವ ಮಟ್ಟದ ತೊಂದರೆ ಇತ್ತು. ಹೆರಾಯಿನ್ ಶೇ. 1.14, ಔಷಧಿ ರೂಪದವು ಶೇ. 0.96. ಅಂದರೆ ಮೆಡಿಕಲ್ ಶಾಪಿನ ಗಾಜಿನ ಹಿಂದಿರುವ ಸ್ಟ್ರಿಪ್ಪು ಹೆರಾಯಿನ್‌ಗಿಂತ ತೀರಾ ಹಿಂದೆ ಬಿದ್ದಿಲ್ಲ. ಮಾದಕ ವಸ್ತುವಿಗೆ ಅಂಟಿಕೊಂಡ 20 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ ಎಂದೂ ಅದೇ ಸಮೀಕ್ಷೆ ಹೇಳಿತು.

ಬೆನ್ನು ಮುರಿಯುವ ಕೆಲಸ ಇರುವಲ್ಲಿ ನೋವಿನ ಮಾತ್ರೆ ಸುಲಭವಾಗಿ ಬೇರು ಬಿಡುತ್ತದೆ. ಮರಗಸಿ ಮಾಡುವವರು, ಮೂಟೆ ಹೊರುವವರು, ಸೆಂಟ್ರಿಂಗ್ ಕೆಲಸದವರು, ಶಿರಾಡಿ ಘಾಟಿಯಲ್ಲಿ ರಾತ್ರಿಯಿಡೀ ಲಾರಿ ಓಡಿಸುವವರು. ಟ್ರಾಮಡಾಲ್ ಎಂಬ ನೋವಿನ ಮಾತ್ರೆ 2018ರ ಏಪ್ರಿಲ್‌ನಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಬಂತು. ಅದರ ಜಾಗಕ್ಕೆ ಅದೇ ಬಗೆಯ ಟ್ಯಾಪೆಂಟಡಾಲ್ ಸೇರಿಕೊಂಡಿತು. ಮೊದಲು ನೋವಿಗೆ, ಆಮೇಲೆ ದಣಿವಿಗೆ, ಕೊನೆಗೆ ಹಾಸಿಗೆಯಿಂದ ಏಳುವುದಕ್ಕೇ ಮಾತ್ರೆ ಬೇಕಾಗುತ್ತದೆ. ಕೊಡೀನ್ ಸಿರಪ್ಪಿನ ಲೆಕ್ಕ ಹೀಗಿದೆ: ಸಾಮಾನ್ಯ ಬಾಟಲಿಯಲ್ಲಿ 5 ಮಿ.ಲೀ.ಗೆ 10 ಮಿ.ಗ್ರಾಂ ಕೊಡೀನ್ ಇರುತ್ತದೆ. 100 ಮಿ.ಲೀ. ಒಂದೇ ಸಲ ಕುಡಿದವನ ಹೊಟ್ಟೆಗೆ 200 ಮಿ.ಗ್ರಾಂ. ಲಿವರ್ ಅದರಲ್ಲಿ ಒಂದು ಪಾಲನ್ನು ಮಾರ್ಫಿನ್ ಮಾಡುತ್ತದೆ. ಆ ಪಾಲು ಎಷ್ಟು ಎನ್ನುವುದು ಆಯಾ ದೇಹದ ಗುಣ, ಆದ್ದರಿಂದ ಪಕ್ಕದವನಿಗೆ ಏನೂ ಆಗದ ಬಾಟಲಿ ಇವನ ಉಸಿರು ನಿಲ್ಲಿಸಬಹುದು. ಟ್ರಾಮಡಾಲ್ ದಿನಕ್ಕೆ 400 ಮಿ.ಗ್ರಾಂ ದಾಟಿದರೆ ಫಿಟ್ಸ್ ಬರುವ ಅಪಾಯ ಏರುತ್ತದೆ. ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕಲಸಿ ಚುಚ್ಚಿಕೊಳ್ಳುವ ಹಂತಕ್ಕೆ ಹೋದರೆ ಅದರಲ್ಲಿರುವ ಟಾಲ್ಕ್, ಪಿಷ್ಟ ಕರಗದೆ ರಕ್ತನಾಳದಲ್ಲಿ ಕೂರುತ್ತವೆ. ಕೀವುಗಡ್ಡೆ, ಊದಿದ ಕೈ, ಹೆಪ್ಪುಗಟ್ಟಿದ ನಾಳ. ಸಿರಿಂಜು ಹಂಚಿಕೊಂಡರೆ ಹೆಪಟೈಟಿಸ್ ಸಿ, ಎಚ್‌ಐವಿ.

ದಾಳಿಯ ಮರುದಿನ

ಒಂದು ಬೆಳಿಗ್ಗೆಯ ದೃಶ್ಯ ಮನಸ್ಸಿನಿಂದ ಹೋಗುವುದಿಲ್ಲ. ಮಲೆನಾಡು ಸೆರಗಿನ ಒಂದು ತಾಲ್ಲೂಕು ಆಸ್ಪತ್ರೆ. ಹಿಂದಿನ ದಿನ ನಡೆದ ದಾಳಿಯಲ್ಲಿ ಪೇಟೆಯಲ್ಲಿ ಚೀಟಿ ಇಲ್ಲದೆ ಮಾತ್ರೆ ಮಾರುತ್ತಿದ್ದ ಅಂಗಡಿಗೆ ಬೀಗ ಬಿದ್ದಿತ್ತು. ಅದು ಆಗಬೇಕಾದ ಕೆಲಸವೇ. ಆದರೆ ಆ ಬೆಳಿಗ್ಗೆ ತುರ್ತು ಚಿಕಿತ್ಸಾ ಕೊಠಡಿಯ ಹೊರಗಿನ ಬೆಂಚಿನಲ್ಲಿ ನಾಲ್ಕೈದು ಹುಡುಗರು ಮುದುರಿ ಕೂತಿದ್ದರು. ಮೂಗಲ್ಲಿ, ಕಣ್ಣಲ್ಲಿ ನೀರು, ಮೈತುಂಬ ಮುಳ್ಳು, ಆಕಳಿಕೆ ಮೇಲೆ ಆಕಳಿಕೆ. ಒಬ್ಬ ಮೊಣಕಾಲು ತಬ್ಬಿಕೊಂಡು ಹಿಂದೆ ಮುಂದೆ ತೂಗುತ್ತಿದ್ದ. ಜೊತೆಗೆ ಬಂದಿದ್ದ ಹೆಂಗಸು ಬಾಗಿಲಲ್ಲಿ ನಿಂತು, "ಸಿಸ್ಟರ್, ರಾತ್ರಿಯಿಂದ ವಾಂತಿ ಭೇದಿ ನಿಲ್ತಿಲ್ಲ, ಕಾಲು ಕಿತ್ಕೊಂಡ್ ಹೋಗ್ತಾ ಐತೆ ಅಂತಾನೆ" ಎಂದಳು. "ಏನ್ ತಿಂದಿದ್ದನಮ್ಮ?" ಎಂದು ಸಿಸ್ಟರ್ ಕೇಳಿದರು. ಅವಳು ಸುಮ್ಮನಾದಳು. ಹೇಳಿದರೆ ಪೊಲೀಸರಿಗೆ ಫೋನು ಹೋಗುತ್ತದೆ ಎಂಬ ಭಯ. ಓಆರ್‌ಎಸ್ ಪುಡಿ, ವಾಂತಿಗೊಂದು ಇಂಜೆಕ್ಷನ್, ಹೊಟ್ಟೆನೋವಿಗೊಂದು ಮಾತ್ರೆ ಕೊಟ್ಟು ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಆ ಹುಡುಗರು ಬೇರೆ ಊರಿನ ಬಸ್ಸು ಹತ್ತಿದ್ದರು. ಎಲ್ಲಿ ಸಿಗುತ್ತದೆ ಎಂದು ಆ ಹೊತ್ತಿಗೆ ಅವರಿಗೆ ಗೊತ್ತಾಗಿತ್ತು.

ಆ ಕೊಠಡಿಯಲ್ಲಿದ್ದವರು ಯಾರೂ ಕೆಟ್ಟವರಲ್ಲ. ಅವರ ಕಪಾಟಿನಲ್ಲಿ ಬೇಕಾದ ಔಷಧಿ ಇರಲಿಲ್ಲ, ಅಷ್ಟೇ. ಕೊನೆಯ ಮಾತ್ರೆ ನುಂಗಿ 8ರಿಂದ 12 ಗಂಟೆಗೆ ಶುರುವಾಗುವ ಈ ಸಂಕಟ ಎರಡನೇ, ಮೂರನೇ ದಿನ ಮೇಲೇರಿ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಆ ಬೆಂಚಿನಲ್ಲಿ ಕೂತಿದ್ದ ಗಳಿಗೆ ಚಿಕಿತ್ಸೆ ಆರಂಭಿಸಲು ಅತ್ಯುತ್ತಮ ಗಳಿಗೆಯಾಗಿತ್ತು. ಯಾಕೆಂದು ಮುಂದೆ ಹೇಳುತ್ತೇನೆ. ದಾಳಿಗೆ ಹೋಗುವ ಇಲಾಖೆ ಅದೇ ದಿನ ಆಸ್ಪತ್ರೆಗೆ "ಮುಂದಿನ ಮೂರು ದಿನ ಇಂಥವರು ಬರಬಹುದು, ಸಿದ್ಧವಾಗಿರಿ" ಎಂದು ಒಂದು ಮಾತು ಹೇಳುವ ಪದ್ಧತಿ ಬಂದರೆ ಸಾಕು, ಎಷ್ಟೋ ಜನ ಅಲ್ಲೇ ನಿಲ್ಲುತ್ತಾರೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನಡೆಯುವ ಎನ್‌ಕಾರ್ಡ್ (ಮಾದಕ ವಸ್ತು ನಿಯಂತ್ರಣ ಸಮನ್ವಯ) ಸಭೆಗೆ ಪೊಲೀಸ್, ಅಬಕಾರಿ, ಔಷಧ ನಿಯಂತ್ರಣ, ಆರೋಗ್ಯ ಎಲ್ಲ ಇಲಾಖೆಯವರೂ ಬರುತ್ತಾರೆ. ಈ ಒಂದು ಸಾಲಿನ ನಿರ್ಣಯಕ್ಕೆ ಅದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ.

ಸೇರಿಸಿ ಬಂದರೆ ಮುಗಿಯಿತೆ?

ನಮ್ಮ ಕಡೆ ಚಟಕ್ಕೆ ಚಿಕಿತ್ಸೆ ಎಂದರೆ ಎರಡು ಚಿತ್ರ: ಒಂದು ಎಂಟು ದಿನದ ಮದ್ಯವರ್ಜನ ಶಿಬಿರ, ಇನ್ನೊಂದು ಕಾಂಪೌಂಡಿನೊಳಗೆ ಒಂದರಿಂದ ಮೂರು ತಿಂಗಳು ಇರಿಸಿಕೊಳ್ಳುವ ಕೇಂದ್ರ. ಮದ್ಯದ ವಿಷಯದಲ್ಲಿ ಮೊದಲ ವಾರ ಕಣ್ಣಳತೆಯಲ್ಲಿ ಇರಿಸಿಕೊಳ್ಳುವುದಕ್ಕೆ ಬಲವಾದ ಕಾರಣವಿದೆ. ಭಾರಿ ಕುಡಿತವನ್ನು ಥಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಭ್ರಮೆ, ನಡುಕ, ಜ್ವರ ಬಂದು ಜೀವ ಹೋಗಬಹುದು. ಅಫೀಮು ಕುಟುಂಬದ ಅಪಾಯ ಇದಕ್ಕೆ ತಿರುಗುಮುರುಗು. ಬಿಡುವ ವಾರದಲ್ಲಿ ವಿಪರೀತ ಸಂಕಟ, ಆದರೆ ನೀರಿನಂಶ ಕಾಪಾಡಿದರೆ ಸಾವು ಅಪರೂಪ. ಜೀವ ಹೋಗುವುದು ಬಿಟ್ಟು ಮನೆಗೆ ಬಂದ ಮೇಲೆ.

ದೇಹಕ್ಕೆ ಅಭ್ಯಾಸವಾಗಿದ್ದ ತಡೆದುಕೊಳ್ಳುವ ಶಕ್ತಿ ಕೆಲವೇ ವಾರಗಳಲ್ಲಿ ಇಳಿದುಹೋಗಿರುತ್ತದೆ. ಆಸೆ ಮಾತ್ರ ಇಳಿದಿರುವುದಿಲ್ಲ. ಸಕಲೇಶಪುರದ ಆಚೆ ಒಂದು ತೋಟದ ಕೂಲಿಮನೆಗಳ ಲೈನಿನಲ್ಲಿ ಹೀಗೊಂದು ಸಾವು ಆಯಿತು. ಹುಡುಗ ಮೂರು ತಿಂಗಳು ಕೇಂದ್ರದಲ್ಲಿದ್ದು ದಪ್ಪಗಾಗಿ, ಮುಖದಲ್ಲಿ ಕಳೆ ಬಂದು ಮರಳಿದ್ದ. ತೋಟದ ರೈಟರ್ ಕೆಲಸಕ್ಕೆ ವಾಪಸ್ ತೆಗೆದುಕೊಂಡಿದ್ದರು. ತಾಯಿ ಹರಕೆ ತೀರಿಸಲು ದಿನ ನೋಡುತ್ತಿದ್ದಳು. ಬಟವಾಡೆಯ ಸಂಜೆ ಹಳೇ ಗೆಳೆಯರ ಜೊತೆ, ಹಿಂದೆ ತಿನ್ನುತ್ತಿದ್ದಷ್ಟೇ ಮಾತ್ರೆ, ಮೇಲೆ ಒಂದು ಕ್ವಾರ್ಟರ್. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದುದನ್ನು ಪಕ್ಕದ ಮನೆಯವರೂ ಕೇಳಿಸಿಕೊಂಡಿದ್ದರು. ಸುಸ್ತಾಗಿ ಮಲಗಿದ್ದಾನೆ ಎಂದುಕೊಂಡರು. ಅದು ನಿದ್ದೆಯ ಗೊರಕೆಯಲ್ಲ, ಉಸಿರಿನ ದಾರಿ ಮುಚ್ಚುತ್ತಿರುವ ಸದ್ದು ಎಂದು ಆ ಲೈನಿನಲ್ಲಿ ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಜನ ಆಡಿದ ಮಾತು ಮಾತ್ರ, "ಅಷ್ಟು ಖರ್ಚು ಮಾಡಿ ಬಿಡಿಸಿದರೂ ಹಾಳಾದ" ಎಂದು. ಅವನು ಹಾಳಾದದ್ದಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿ, ಅತ್ಯಂತ ಅಪಾಯದ ವಾರಗಳಲ್ಲಿ ಅವನನ್ನು ಬರಿಗೈಲಿ ಮನೆಗೆ ಕಳಿಸಲಾಗಿತ್ತು.

ಸ್ವೀಡನ್‌ನಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗವನ್ನು ಈ ವಿಷಯದಲ್ಲಿ ನಿರ್ಧಾರ ತೆಗೆದುಕೊಳ್ಳುವ ಪ್ರತಿಯೊಬ್ಬರೂ ಓದಬೇಕು. ಹೆರಾಯಿನ್ ಬಳಸುತ್ತಿದ್ದ 40 ಜನ. 20 ಮಂದಿಗೆ ಬ್ಯುಪ್ರೆನಾರ್ಫಿನ್ ದಿನಕ್ಕೆ 16 ಮಿ.ಗ್ರಾಂ, ವರ್ಷವಿಡೀ. ಉಳಿದ 20 ಮಂದಿಗೆ ಆರು ದಿನದಲ್ಲಿ ಇಳಿಸುತ್ತಾ ನಿಲ್ಲಿಸಿ, ಆಮೇಲೆ ಔಷಧಿಯಂತೆ ಕಾಣುವ ಬರೀ ಮಾತ್ರೆ. ಕೌನ್ಸೆಲಿಂಗ್ ಇಬ್ಬರಿಗೂ ಒಂದೇ. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಶೇ. 75 ಮಂದಿ ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೇ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ, ನಾಲ್ವರು ಸತ್ತಿದ್ದರು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯಲ್ಲೂ ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುತ್ತಿದ್ದಾಗ ವರ್ಷಕ್ಕೆ ಸಾವಿರಕ್ಕೆ 4.3 ಇದ್ದ ಸಾವು, ಬಿಟ್ಟ ಮೇಲೆ 9.5.

ಇರಿಸಿಕೊಳ್ಳುವ ಕೇಂದ್ರಗಳನ್ನು ಮುಚ್ಚಿ ಎಂದು ಹೇಳುತ್ತಿಲ್ಲ. ಮನೆಯೇ ಇಲ್ಲದವನಿಗೆ, ಮದ್ಯ ಮತ್ತು ಮಾತ್ರೆ ಎರಡೂ ಇರುವವನಿಗೆ ಅದು ಬೇಕು. ಸೇರಿಸುವ ಮುನ್ನ ಮನೆಯವರು ಮೂರು ವಿಷಯ ಕೇಳಲಿ. ಕೇಂದ್ರ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಆಗಿದೆಯೇ? ವೈದ್ಯರು ಬರುವುದು ಯಾವ ದಿನ? ಬಿಡುಗಡೆಯ ದಿನ ಮುಂದಿನ ಔಷಧಿಗೆ ಚೀಟಿ ಕೊಡುತ್ತೀರಾ? ಮೂರನೆಯದಕ್ಕೆ "ಇಲ್ಲಿಂದ ಹೋದ ಮೇಲೆ ಯಾವ ಮಾತ್ರೆಯೂ ಬೇಕಿಲ್ಲ" ಎಂಬ ಉತ್ತರ ಬಂದರೆ, ಅಫೀಮು ಕುಟುಂಬದ ಚಟಕ್ಕೆ ಅದು ತಪ್ಪು ಜಾಗ. ಸರಪಳಿ ಕಂಡರಂತೂ ಅಲ್ಲಿಂದಲೇ ವಾಪಸ್ ಬನ್ನಿ. ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಎಂದು ಅದೇ ಕಾಯ್ದೆ ಹೇಳಿದೆ.

ನಾಲಿಗೆ ಕೆಳಗಿನ ಮಾತ್ರೆ

ಬ್ಯುಪ್ರೆನಾರ್ಫಿನ್ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ನಮ್ಮ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ಎಚ್‌ಐವಿ ತಡೆ ಕಾರ್ಯಕ್ರಮದಡಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) 2007ರಿಂದ ಚುಚ್ಚಿಕೊಳ್ಳುವವರಿಗೆ ಇದನ್ನು ಉಚಿತವಾಗಿ ಕೊಡಿಸುತ್ತಿದೆ. ಮೆದುಳಿನಲ್ಲಿ ಟ್ಯಾಪೆಂಟಡಾಲ್, ಹೆರಾಯಿನ್ ಹೋಗಿ ಕೂರುವ ಜಾಗದಲ್ಲೇ ಇದು ಬಿಗಿಯಾಗಿ ಕೂರುತ್ತದೆ. ಆದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಸಂಕಟ, ಆಸೆ ತಗ್ಗುತ್ತವೆ, ಗುಂಗು ಬರುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಡೋಸು ಹೆಚ್ಚಿಸಿದರೂ ಉಸಿರನ್ನು ಇನ್ನಷ್ಟು ತಗ್ಗಿಸುವುದಿಲ್ಲ. ದಿನಕ್ಕೊಂದು ಸಲ ಸಾಕು. ಅಫೀಮು ಕುಟುಂಬದ ಪರಿಣಾಮವನ್ನು ತಡೆಯುವ ನಾಲೊಕ್ಸೋನ್ ಬೆರೆಸಿದ ಮಾತ್ರೆಯೂ ಇದೆ, 2 ಮಿ.ಗ್ರಾಂಗೆ 0.5. ನಾಲಿಗೆ ಕೆಳಗಿಟ್ಟರೆ ನಾಲೊಕ್ಸೋನ್ ಹೆಚ್ಚು ಒಳಸೇರುವುದಿಲ್ಲ, ಕರಗಿಸಿ ಚುಚ್ಚಿಕೊಂಡರೆ ಅದು ಕೆಲಸ ಮಾಡಿ ಸಂಕಟ ತರುತ್ತದೆ. ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ. ಆಸ್ಪತ್ರೆ, ವ್ಯಸನ ಚಿಕಿತ್ಸಾ ಕೇಂದ್ರಗಳ ಮೂಲಕವೇ ಬರಬೇಕು. ಅದಕ್ಕೇ ಈ ಬರಹ ಪೂರ್ತಿ ಕಿಟಕಿಯ ಸುತ್ತ ತಿರುಗುತ್ತಿರುವುದು.

ಮೊದಲ ದಿನ ಕೆಡುವುದು ಹೆಚ್ಚಾಗಿ ಆತುರದಿಂದ. ದೇಹದಲ್ಲಿ ಹಳೇ ಮಾತ್ರೆ ಇನ್ನೂ ಇರುವಾಗ ಬ್ಯುಪ್ರೆನಾರ್ಫಿನ್ ಕೊಟ್ಟರೆ, ಅದು ಹಳೆಯದನ್ನು ಒಮ್ಮೆಲೇ ಕಿತ್ತೆಸೆದು ಅರ್ಧ ಗಂಟೆಯೊಳಗೆ ಭೀಕರ ಸಂಕಟ ತರುತ್ತದೆ. ಹಾಗಾದವನು ಮತ್ತೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ, "ಅದು ವಿಷ" ಎಂದು ಇನ್ನು ಹತ್ತು ಜನಕ್ಕೆ ಹೇಳುತ್ತಾನೆ. ಆದ್ದರಿಂದ ಬೇಗ ಇಳಿಯುವ ಮಾತ್ರೆಯಾದರೆ ಕೊನೆಯ ಸಲ ತೆಗೆದುಕೊಂಡು ಕನಿಷ್ಠ 12 ಗಂಟೆ, ನಿಧಾನವಾಗಿ ಬಿಡುವ ಬಗೆಯದಾದರೆ 24 ಗಂಟೆ ಕಳೆದಿರಬೇಕು. ಗಡಿಯಾರದ ಜೊತೆಗೆ ಮೈಯನ್ನೂ ನೋಡಬೇಕು: ಅಗಲವಾದ ಕಣ್ಣಪಾಪೆ, ಮೈಮುಳ್ಳು, ಸುರಿಯುವ ಮೂಗು, ಆಕಳಿಕೆ, ಏರಿದ ನಾಡಿ. ಇವನ್ನು ಅಂಕ ಹಾಕಿ ಅಳೆಯುವ 11 ಅಂಶಗಳ ಒಂದು ಪಟ್ಟಿ ಇದೆ, ಸಿಸ್ಟರ್ ಒಬ್ಬರು ಐದು ನಿಮಿಷದಲ್ಲಿ ತುಂಬಬಹುದು. ದಾಳಿಯ ಮರುದಿನ ಬೆಂಚಿನಲ್ಲಿ ಕೂತಿದ್ದ ಹುಡುಗರು ಸರಿಯಾಗಿ ಈ ಸ್ಥಿತಿಯಲ್ಲೇ ಇದ್ದರು.

ಆಮೇಲೆ 2 ಮಿ.ಗ್ರಾಂ. ಒಂದೆರಡು ಗಂಟೆ ಕೂರಿಸಿ ನೋಡಿ, ಬೇಕಾದರೆ ಇನ್ನೊಂದು 2. ಮೊದಲ ದಿನ ಸಾಮಾನ್ಯವಾಗಿ 4, ಹೆಚ್ಚೆಂದರೆ 8. ಮುಂದಿನ ಕೆಲವು ದಿನಗಳಲ್ಲಿ ಆಸೆ ನಿಲ್ಲುವ ತನಕ ಏರಿಸಬೇಕು. ಕೆಲವರಿಗೆ 4, 6ರಲ್ಲಿ ಸಾಕಾಗುತ್ತದೆ, ಅನೇಕರಿಗೆ 8ರಿಂದ 16 ಬೇಕು. ಕಡಿಮೆ ಕೊಟ್ಟರೆ ಸುರಕ್ಷಿತ ಎಂದು 2 ಮಿ.ಗ್ರಾಂನಲ್ಲೇ ತಿಂಗಳುಗಟ್ಟಲೆ ಎಳೆಯುವುದು ಎರಡನೇ ದೊಡ್ಡ ತಪ್ಪು. ಸಂಜೆಯ ಹೊತ್ತಿಗೆ ಕಾಲು ಎಳೆತ ಶುರುವಾದವನು ಹಳೇ ಮಾತ್ರೆಯನ್ನು ಹುಡುಕಿಯೇ ಹುಡುಕುತ್ತಾನೆ. ಡೋಸು ಎಷ್ಟು ಎಂದು ನಿರ್ಧರಿಸುವುದು ವೈದ್ಯರು. ಆದರೆ "ಸಂಜೆ ಹೇಗಿರುತ್ತೆ?" ಎಂದು ಅವರು ಕೇಳುತ್ತಿದ್ದಾರೋ ಇಲ್ಲವೋ ಎನ್ನುವುದನ್ನು ಮನೆಯವರು ಗಮನಿಸಬಹುದು.

ಮಾತ್ರೆ ಇಡುವುದಕ್ಕೂ ಕ್ರಮವಿದೆ. ನುಂಗಿದರೆ ಲಿವರ್‌ನಲ್ಲೇ ಬಹುಪಾಲು ಮುಗಿದುಹೋಗುತ್ತದೆ. ಬಾಯಲ್ಲಿ ಎಲೆ ಅಡಿಕೆ, ಹೊಗೆಸೊಪ್ಪು ಇದ್ದರೆ ಉಗಿದು, ಬಾಯಿ ಮುಕ್ಕಳಿಸಿ, ಒಂದು ಗುಟುಕು ನೀರು ಕುಡಿದು ಒದ್ದೆ ಮಾಡಿಕೊಳ್ಳಬೇಕು. ಮಾತ್ರೆ ನಾಲಿಗೆ ಕೆಳಗೆ, 5ರಿಂದ 10 ನಿಮಿಷ ಮಾತಿಲ್ಲ, ಎಂಜಲು ನುಂಗುವಂತಿಲ್ಲ. ಕಿಟಕಿಯಲ್ಲಿ ಕೊಡುವವರು ಪುಡಿ ಮಾಡಿ ಇಟ್ಟರೆ ಬೇಗ ಕರಗುತ್ತದೆ, ಹೊರಗೆ ಒಯ್ದು ಮಾರುವುದೂ ತಪ್ಪುತ್ತದೆ. ಕರಗಿದ ಮೇಲೆ ನೀರು ಹಾಕಿ ಮುಕ್ಕಳಿಸಬೇಕು, ಹಲ್ಲುಜ್ಜಲು ಒಂದು ಗಂಟೆ ಬಿಡಬೇಕು. ಇಲ್ಲದಿದ್ದರೆ ವರ್ಷಗಳಲ್ಲಿ ಹಲ್ಲು ಹಾಳಾಗುತ್ತದೆ. ಮಲಬದ್ಧತೆ, ಬೆವರು ಸಾಮಾನ್ಯ. ನಿಜವಾಗಿ ಹೆದರಬೇಕಾದದ್ದು ಇದರ ಜೊತೆ ಮದ್ಯ ಅಥವಾ ನಿದ್ದೆ ಮಾತ್ರೆ ಬೆರೆಸುವುದಕ್ಕೆ. ಉಸಿರು ತಗ್ಗದ ಆ ರಕ್ಷಣೆ ಅಲ್ಲಿ ಮುರಿದುಬೀಳುತ್ತದೆ.

ಮೂತ್ರ ಪರೀಕ್ಷೆಯ ಬಗ್ಗೆ ಇಲ್ಲೇ ಒಂದು ಮಾತು. ಆಸ್ಪತ್ರೆಯಲ್ಲಿ ಸಿಗುವ ಸಾಮಾನ್ಯ ಪರೀಕ್ಷಾ ಪಟ್ಟಿ (ಸ್ಟ್ರಿಪ್) ಮಾರ್ಫಿನ್, ಕೊಡೀನ್, ಹೆರಾಯಿನ್‌ಗೆ ಗೆರೆ ತೋರಿಸುತ್ತದೆ. ಟ್ರಾಮಡಾಲ್, ಟ್ಯಾಪೆಂಟಡಾಲ್ ಅದಕ್ಕೆ ಕಾಣುವುದೇ ಇಲ್ಲ. "ಪರೀಕ್ಷೆಯಲ್ಲಿ ಏನೂ ಬಂದಿಲ್ಲ, ಸುಳ್ಳು ಹೇಳ್ತಿದ್ದೀಯ" ಎಂದು ನಿಜ ಹೇಳಿದವನನ್ನೇ ಬೈದು ಕಳಿಸಿದರೆ ತಪ್ಪು ಪಟ್ಟಿಯದೂ ಅಲ್ಲ, ಅವನದೂ ಅಲ್ಲ. ನಮ್ಮ ಕಡೆ ಓಡುತ್ತಿರುವುದು ಯಾವುದು ಎಂದು ತಿಳಿದು ಪಟ್ಟಿ ತರಿಸಬೇಕು. ಇಲ್ಲವೇ ಬಾಯಿಮಾತು ಮತ್ತು ಮೈಲಕ್ಷಣ ನಂಬಿ ಚಿಕಿತ್ಸೆ ಕೊಡಬೇಕು.

"ಒಂದು ಬಿಡಿಸಿ ಇನ್ನೊಂದು ಹಿಡಿಸೋದಾ?"

ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಕೇಳುವವರು ಕಾಳಜಿಯಿಂದಲೇ ಕೇಳುತ್ತಾರೆ, ಉತ್ತರವನ್ನೂ ಗೌರವದಿಂದಲೇ ಕೊಡಬೇಕು. ದೇಹಕ್ಕೆ ಒಂದು ಔಷಧಿಯ ಅವಲಂಬನೆ ಇರುವುದು ನಿಜ. ಚಟದಲ್ಲಿ ಮನೆ ಮುರಿಯುವುದು ಆ ಅವಲಂಬನೆಯಲ್ಲ. ದಿನಕ್ಕೆ ನಾಲ್ಕು ಸಲ ಮಾತ್ರೆ ಹುಡುಕುವ ಅಲೆದಾಟ, ಸಾಲ, ಕದ್ದ ಚೈನು, ಬಿಟ್ಟ ಕೆಲಸ, ಹಂಚಿಕೊಂಡ ಸೂಜಿ, ಮನೆ ಮುರಿಯುವುದು ಇವು. ಬೆಳಿಗ್ಗೆ ಹತ್ತು ನಿಮಿಷ ಕಿಟಕಿಯಲ್ಲಿ ನಿಂತು ಹೋದವನು ಎಂಟು ಗಂಟೆಗೆ ತೋಟದ ಹಾಜರಿಯಲ್ಲಿ ಇರುತ್ತಾನೆ. ಎಷ್ಟು ಕಾಲ ಎಂದು ಕೇಳಿದರೆ ಕನಿಷ್ಠ ಒಂದು ವರ್ಷ, ಬಹಳ ಜನಕ್ಕೆ ಇನ್ನೂ ಹೆಚ್ಚು. ನಿಲ್ಲಿಸುವಾಗಲೂ ತಿಂಗಳುಗಳ ಮೇಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಹಬ್ಬದ ದಿನ ಸಂಕಲ್ಪ ಮಾಡಿ ಥಟ್ಟನೆ ನಿಲ್ಲಿಸುವುದಲ್ಲ.

ಮಾತ್ರೆ ಹೊರಗೆ ಸೋರುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪಂಜಾಬಿನಲ್ಲಿ 2017ರ ಕೊನೆಯಿಂದ ಈ ಔಷಧಿ ಕೊಡುವ ಹೊರರೋಗಿ ಕ್ಲಿನಿಕ್ಕುಗಳು ಶುರುವಾಗಿ ಇಂದು 500ಕ್ಕೂ ಹೆಚ್ಚಿವೆ. ಅಲ್ಲೂ ಮಾತ್ರೆ ಹೊರಗೆ ಹೋದ ದೂರುಗಳಿವೆ. ಮೊದಲ ವಾರಗಳಲ್ಲಿ ಎದುರಿಗೇ ಕರಗಿಸುವುದು, ಸ್ಥಿರವಾದವರಿಗೆ ಮಾತ್ರ ಮನೆಗೆ ಕೊಡುವುದು, ಆಗಾಗ ಕರೆದು ಉಳಿದ ಮಾತ್ರೆ ಎಣಿಸುವುದು, ಬೆರಳಚ್ಚಿನ ಹಾಜರಿ. ಸೋರಿಕೆ ತಡೆಯುವ ದಾರಿ ಇದು. ಕಿಟಕಿ ಮುಚ್ಚಿದರೆ ಸೋರುವುದು ಟ್ಯಾಪೆಂಟಡಾಲ್. ಫ್ರಾನ್ಸ್ 1995ರಲ್ಲಿ ಇದನ್ನು ಕುಟುಂಬ ವೈದ್ಯರ ಕೈಗೆ ಕೊಟ್ಟಾಗಲೂ ಸೋರಿಕೆ ಆಯಿತು. ಆದರೆ 1999ರ ಹೊತ್ತಿಗೆ ಅಲ್ಲಿ ಅತಿಡೋಸಿನ ಸಾವು ಶೇ. 79ರಷ್ಟು ಇಳಿದಿತ್ತು. ಎರಡನ್ನೂ ತೂಗಿ ನೋಡಿದರೆ ನನಗೆ ಅನುಮಾನ ಉಳಿಯುವುದಿಲ್ಲ.

ಮಂಗಳವಾರ ಸಾಲದು

ಮನೋಚೈತನ್ಯ ಕಾರ್ಯಕ್ರಮದಡಿ ಮಾನಸಿಕ ತಜ್ಞರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ಇದು ದೊಡ್ಡ ಆಸ್ತಿ. ತಜ್ಞರು ಮಂಗಳವಾರ ನೋಡಿ ಡೋಸು ಬರೆಯಲಿ, ಉಳಿದ ಆರು ದಿನ ಆಸ್ಪತ್ರೆಯ ವೈದ್ಯರ ಉಸ್ತುವಾರಿಯಲ್ಲಿ ಸಿಸ್ಟರ್ ಕೊಡಲಿ. ಸಂಶಯ ಬಂದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ಗೆ, ಇಲ್ಲವೇ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಫೋನು. ಹೆತ್ತೂರು, ಯಸಳೂರು, ಹಾನಬಾಳು ಕಡೆಯವನಿಗೆ "ದಿನಾ ಹಾಸನಕ್ಕೆ ಬಾ" ಎನ್ನುವುದು ಚಿಕಿತ್ಸೆ ಇಲ್ಲ ಎಂದಂತೆಯೇ. ಸಕಲೇಶಪುರದಿಂದಲೇ ಹಾಸನಕ್ಕೆ 40 ಕಿ.ಮೀ. ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ ಇಲ್ಲ, ಮಗನಿಗೆ ಇದೆ. ಮೇಲೆ ಆ ದಿನದ ಕೂಲಿ ಹೋಯಿತು.

ಒಂದು ಕಿಟಕಿಗೆ ಬೇಕಾದದ್ದು ಲೆಕ್ಕ ಹಾಕಿದರೆ ಬೆಚ್ಚಿಬೀಳುವಷ್ಟೇನಿಲ್ಲ. 20 ಜನ, ಸರಾಸರಿ 8 ಮಿ.ಗ್ರಾಂ ಎಂದರೆ ತಲಾ 2 ಮಿ.ಗ್ರಾಂನ ನಾಲ್ಕು ಮಾತ್ರೆ. ದಿನಕ್ಕೆ 80, ತಿಂಗಳಿಗೆ 2,400. ಎರಡು ತಿಂಗಳ ದಾಸ್ತಾನು ಯಾವಾಗಲೂ ಮುಂದಿರಬೇಕು, ಅಂದರೆ 4,800. ಯಾಕೆಂದರೆ ಈ ವ್ಯವಸ್ಥೆಯನ್ನು ಒಂದೇ ವಾರದಲ್ಲಿ ಕೊಲ್ಲುವುದು "ಸ್ಟಾಕ್ ಬಂದಿಲ್ಲ, ಸೋಮವಾರ ಬಾ" ಎಂಬ ಮಾತು. ಎರಡು ಬೀಗದ ಕಪಾಟು, ಎರಡು ಬೀಗಕೈ ಇಬ್ಬರ ಹತ್ತಿರ. ದಿನದ ಆರಂಭದ ಲೆಕ್ಕ, ಕೊನೆಯ ಲೆಕ್ಕ ಬರೆಯುವ ರಿಜಿಸ್ಟರು. ತರಬೇತಿ ಪಡೆದ ಸಿಸ್ಟರ್ ಒಬ್ಬರಲ್ಲ, ಇಬ್ಬರು. ಒಬ್ಬರೇ ಆದರೆ ಅವರ ರಜೆಯ ದಿನ ಕಿಟಕಿಯೂ ರಜೆ. ಪಕ್ಕದಲ್ಲೇ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಉಚಿತ. ಹೆಪಟೈಟಿಸ್ ಸಿ ಬಂದಿದ್ದರೆ 2018ರ ರಾಷ್ಟ್ರೀಯ ಕಾರ್ಯಕ್ರಮದಡಿ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ಗುಣವಾಗುತ್ತದೆ, ಅದೂ ಉಚಿತ. ಇನ್ನೂ ಚುಚ್ಚಿಕೊಳ್ಳುತ್ತಿರುವವನಿಗೆ ಹೊಸ ಸಿರಿಂಜು ಕೊಟ್ಟು ಹಳೆಯದನ್ನು ವಾಪಸ್ ಪಡೆಯುವುದೂ ಅದೇ ಕಿಟಕಿಯ ಕೆಲಸ. ಇಂದು ಬಿಡದವನು ನಾಳೆ ಬಿಡಬೇಕಾದರೆ ನಾಳೆಯವರೆಗೆ ರೋಗವಿಲ್ಲದೆ ಬದುಕಿರಬೇಕು.

ಪೊಲೀಸರ ಭಯಕ್ಕೆ ಕಾನೂನಿನಲ್ಲೇ ಉತ್ತರವಿದೆ. ಸೇವನೆಗೆ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಆರು ತಿಂಗಳು, ಕೆಲವು ವಸ್ತುಗಳಿಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಆದರೆ 64ಎ ಕಲಂ ಪ್ರಕಾರ ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ಮುಕ್ತ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹೋಗಬಹುದು. ಇಲ್ಲಿ ತೊಡಕು ಎರಡು. ಮಾನ್ಯತೆ ಇಲ್ಲದ ಕೇಂದ್ರದ ಸರ್ಟಿಫಿಕೇಟು ನಡೆಯುವುದಿಲ್ಲ. ಮತ್ತೆ ವರ್ಷಗಟ್ಟಲೆ ನಡೆಯುವ ಔಷಧಿಯಲ್ಲಿ "ಪೂರ್ತಿ" ಎಂದರೆ ಯಾವಾಗ ಎಂದು ಬರೆದುಕೊಡುವವರು ಬೇಕು. "ನಿಯಮಿತವಾಗಿ ಬರುತ್ತಿದ್ದಾರೆ" ಎಂಬ ತಿಂಗಳ ಪತ್ರದ ನಮೂನೆಯೊಂದನ್ನು ಆಸ್ಪತ್ರೆ, ಪೊಲೀಸ್, ಸರ್ಕಾರಿ ವಕೀಲರು ಕೂತು ಒಪ್ಪಿಕೊಂಡರೆ ಮುಗಿಯಿತು.

ಮನವಿ ಕೊಡುವವರಿಗೆ ಅನುಭವಸ್ಥರ ಸಲಹೆ: "ಜಿಲ್ಲೆಯನ್ನು ನಶೆಮುಕ್ತ ಮಾಡಿ" ಎಂದು ಬರೆದ ಮನವಿಗೆ ಹೂಗುಚ್ಛ ಸಿಗುತ್ತದೆ, ಔಷಧಿ ಸಿಗುವುದಿಲ್ಲ. ಮೊದಲು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಎಲ್ಲ ಒಟ್ಟಿಗೆ ಕೇಳಿದರೆ ವಾಪಸ್ ಬರುತ್ತದೆ. ಒಂದು ಅರ್ಜಿಯಲ್ಲಿ ಕಳೆದ 12 ತಿಂಗಳಲ್ಲಿ ತಾಲ್ಲೂಕುವಾರು ಬ್ಯುಪ್ರೆನಾರ್ಫಿನ್ ದಾಸ್ತಾನು. ಇನ್ನೊಂದರಲ್ಲಿ ನಾಲೊಕ್ಸೋನ್ ಆಂಪೂಲ್ ಎಲ್ಲೆಲ್ಲಿ ಎಷ್ಟಿದೆ. ಮತ್ತೊಂದರಲ್ಲಿ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿಯಾದ ವ್ಯಸನ ಚಿಕಿತ್ಸಾ ಕೇಂದ್ರಗಳ ಪಟ್ಟಿ. ಆ ಉತ್ತರ ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿ ಎಂದರೆ ಡಿಎಚ್‌ಒ ಅವರನ್ನು, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯವರನ್ನು ಕಾಣಿ. ಇಡೀ ಜಿಲ್ಲೆಗಲ್ಲ, ಒಂದೇ ಒಂದು ತಾಲ್ಲೂಕಿಗೆ ಕೇಳಿ.

ಉಸಿರು ನಿಂತಾಗ

ನಾಲೊಕ್ಸೋನ್ 0.4 ಮಿ.ಗ್ರಾಂನ ಆಂಪೂಲ್ ಹಳೇ ಔಷಧಿ. ಅಪರೂಪದ್ದಲ್ಲ. ಸ್ನಾಯುವಿಗೆ ಚುಚ್ಚಿದರೂ ಕೆಲವೇ ನಿಮಿಷದಲ್ಲಿ ಉಸಿರು ಮರಳುತ್ತದೆ. ಮರಳದಿದ್ದರೆ 2, 3 ನಿಮಿಷ ಬಿಟ್ಟು ಇನ್ನೊಂದು. ಅದರ ಪರಿಣಾಮ ಇರುವುದು 30ರಿಂದ 90 ನಿಮಿಷ, ಒಳಗಿರುವ ಮಾತ್ರೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬಹುದು. ಎದ್ದು ಕೂತ ಎಂದು ಮನೆಗೆ ಕಳಿಸಿದರೆ ದಾರಿಯಲ್ಲಿ ಮತ್ತೆ ಉಸಿರು ತಗ್ಗುತ್ತದೆ, ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, 108ರ ಗಾಡಿಯಲ್ಲಿ ಐದು ಆಂಪೂಲ್ ಇದೆಯೇ, ಅವಧಿ ಮುಗಿದಿದೆಯೇ ಎಂದು ಯಾರಾದರೂ ಕೇಳಬೇಕು. ಬಳಸುವವರ ಮನೆಯವರ ಕೈಗೂ ಇದು ಸಿಗುವಂತೆ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ.

ಅಲ್ಲಿಯವರೆಗೆ ಲೈನು ಮನೆಗಳಲ್ಲಿ, ಲಾರಿ ನಿಲ್ದಾಣಗಳಲ್ಲಿ, ಆಶಾ ಕಾರ್ಯಕರ್ತೆಯರಿಗೆ ಕಲಿಸಬೇಕಾದದ್ದು ಹತ್ತು ನಿಮಿಷದ ಪಾಠ. ಭುಜ ಅಲುಗಾಡಿಸಿ ಕೂಗಿದರೂ ಏಳುವುದಿಲ್ಲ, ಕಣ್ಣಪಾಪೆ ಸೂಜಿಮೊನೆಯಷ್ಟು ಸಣ್ಣ, ತುಟಿ, ಉಗುರು ನೀಲಿ, ಉಸಿರು ಬಿಟ್ಟುಬಿಟ್ಟು, ಗೊರಗೊರ ಸದ್ದು. ಮುಖಕ್ಕೆ ನೀರು ಎರಚಿ, ಕಾಫಿ ಕುಡಿಸಿ ಹೊತ್ತು ಕಳೆಯಬಾರದು, ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. 108ಕ್ಕೆ ಫೋನು ಮಾಡಿ, "ಉಸಿರಾಡ್ತಿಲ್ಲ" ಎಂಬ ಮಾತನ್ನೇ ಮೊದಲು ಹೇಳಬೇಕು. ಗದ್ದ ಮೇಲೆತ್ತಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಂದರಂತೆ ಬಾಯಿಂದ ಉಸಿರು ಕೊಡಬೇಕು. ತಾನಾಗಿಯೇ ಉಸಿರಾಡತೊಡಗಿದರೆ ಎಡಮಗ್ಗುಲಿಗೆ ಹೊರಳಿಸಿ ಪಕ್ಕದಲ್ಲೇ ಕೂರಬೇಕು. ಏನು ತಿಂದಿದ್ದ ಎಂದು ಆಂಬುಲೆನ್ಸಿನವರಿಗೆ ನಿಜ ಹೇಳಬೇಕು.

ಕಿಟಕಿ ತೆರೆಯುವ ಕಾಲದ ಬಗ್ಗೆಯೂ ಯೋಚಿಸಬೇಕು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲು. ಹಾಜರಿಗೆ ತಡವಾದವನಿಗೆ ಅಂದಿನ ಕೂಲಿ ಇಲ್ಲ. ಹತ್ತು ಗಂಟೆಯ ಹೊರರೋಗಿ ವೇಳೆಗೆ ಕಿಟಕಿ ಇಟ್ಟರೆ ಮೊದಲ ವಾರವೇ ಅರ್ಧ ಜನ ಬಿಟ್ಟುಹೋಗುತ್ತಾರೆ. ಬೆಳಿಗ್ಗೆ 6.30ರಿಂದ 8, ಭಾನುವಾರವೂ. ಆರು ವಾರ ತಪ್ಪದೆ ಬಂದವರಿಗೆ ವಾರದ ಮಾತ್ರೆ ಕೈಗೆ. ಕೋವಿಡ್ ಲಾಕ್‌ಡೌನಿನಲ್ಲಿ ಮನೆಗೆ ಕೊಟ್ಟು ಕಳಿಸಲು ದೇಶದೆಲ್ಲೆಡೆ ಅವಕಾಶ ಆಗಿತ್ತು, ಅದು ಹೊಸ ಮಾತಲ್ಲ. ಹೊರರಾಜ್ಯದಿಂದ ಬಂದ ಕೂಲಿಯವರಿಗೆ ಆಧಾರ್ ವಿಳಾಸ ಕೇಳಿ ವಾಪಸ್ ಕಳಿಸಬಾರದು. ಕೊಯ್ಲು ಮುಗಿಸಿ ಊರಿಗೆ ಹೊರಟವರ ಕೈಗೆ ಡೋಸು ಬರೆದ ಪತ್ರ ಮತ್ತು ದಾರಿಯ ದಿನಗಳಿಗೆ ಮಾತ್ರೆ ಕೊಡಬೇಕು. ತಿಂಗಳ ಕೊನೆಗೆ ರಿಜಿಸ್ಟರಿನಲ್ಲಿ ನೋಡಬೇಕಾದ ಅಂಕಿ ಎಷ್ಟು ಜನ "ಬಿಟ್ಟರು" ಎಂದಲ್ಲ. ಮೂರು ತಿಂಗಳ ಹಿಂದೆ ಶುರು ಮಾಡಿದವರಲ್ಲಿ ಎಷ್ಟು ಜನ ಈ ವಾರವೂ ಬಂದರು, ಬಾರದವರ ಮನೆಗೆ ಯಾರು ಹೋಗಿ ಕೇಳಿದರು ಎಂದು. ಈಗಲೇ ಯಾರಿಗಾದರೂ ದಾರಿ ಬೇಕಿದ್ದರೆ ಉಚಿತ ದೂರವಾಣಿ 14446. ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಬ್ಯಾನರು ಬರೆಸುವವರು ಈ ಎರಡು ನಂಬರುಗಳನ್ನೂ, ತಾಲ್ಲೂಕು ಆಸ್ಪತ್ರೆಯ ಕೊಠಡಿ ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಹಾಕಿಸಲಿ.